ಹುಲ್ಲು ಕತ್ತರಿಸುವ ಮಷೀನ್ ಸ್ಟಾರ್ಟ್ ಆಗಿ ನಿಂತು ಹೋಗ್ತಿದ್ಯಾ? ಕಾರ್ಬೊರೇಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಬೆಂಗಳೂರಿನಲ್ಲಿ ಎರಡು ವಾರ ಮಳೆ ಹಿಡಿದರೆ ಸಾಕು, ಖಾಲಿ ಸೈಟುಗಳಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ನಡುನಡುವೆ ಕಾಂಗ್ರೆಸ್ ಗಿಡ. ಪಕ್ಕದ ಮನೆಯವರು ‘ಹಾವು ಬರುತ್ತೆ, ಸೈಟ್ ಕ್ಲೀನ್ ಮಾಡಿಸಿ’ ಅಂತ ಫೋನ್ ಮಾಡುತ್ತಾರೆ. ಬೇಸಿಗೆಯಿಡೀ ಮೆಟ್ಟಿಲ ಕೆಳಗೆ ಮಲಗಿದ್ದ ಬ್ರಷ್ ಕಟ್ಟರನ್ನು ಹೊರಗೆ ತೆಗೆಯುತ್ತೀರಿ. ಹಗ್ಗ ಎಳೆಯುತ್ತೀರಿ. ಬುರ್ ಅಂತ ಶುರುವಾಗುತ್ತದೆ, ಹತ್ತು ಸೆಕೆಂಡ್ ಓಡುತ್ತದೆ, ಉಸಿರು ಕಟ್ಟಿದ ಹಾಗೆ ನಿಂತು ಹೋಗುತ್ತದೆ. ಮತ್ತೆ ಎಳೆದರೆ ಮತ್ತೆ ಹಾಗೇ. ಇಪ್ಪತ್ತು ಸಲ ಎಳೆಯುವಷ್ಟರಲ್ಲಿ ಭುಜ ಬಿದ್ದು ಹೋಗಿರುತ್ತದೆ.

ಕನಕಪುರ ರಸ್ತೆ ಕಡೆಯ ನಮ್ಮ ಲೇಔಟಿನಲ್ಲಿ ಹತ್ತು ಮನೆಯವರು ಸೇರಿ ಒಂದು ಟೂ ಸ್ಟ್ರೋಕ್ ಮಷೀನ್ ಇಟ್ಟುಕೊಂಡಿದ್ದೇವೆ. ಒಂದು ಮಳೆಗಾಲದಲ್ಲಿ ಅದಕ್ಕೂ ಇದೇ ಕಾಯಿಲೆ ಬಂತು. ರಿಪೇರಿ ಅಂಗಡಿಗೆ ಒಯ್ದರೆ ‘ಕಾರ್ಬೊರೇಟರ್ ಹೋಗಿದೆ ಸಾರ್, ಹೊಸದೇ ಹಾಕಬೇಕು’ ಅಂದರು. ಕಾರ್ಬೊರೇಟರ್ ಅಂದರೆ ಪೆಟ್ರೋಲ್, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ. ಹಾಕಿಸಿದೆವು. ಮೂರನೇ ದಿನ ಮತ್ತೆ ಅದೇ ಕಥೆ. ಕೊನೆಗೆ ಮನೆ ಮುಂದೆ ಗೋಣಿಚೀಲ ಹಾಸಿಕೊಂಡು ನಾನೇ ಕೂತೆ. ಪೆಟ್ರೋಲ್ ಟ್ಯೂಬ್ ಟ್ಯಾಂಕಿನೊಳಗೆ ಇಳಿಯುವ ಜಾಗದಲ್ಲಿ ಅದನ್ನು ಬೆರಳಿನಿಂದ ಬಗ್ಗಿಸಿದಾಗ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತು. ಅಷ್ಟೇ. ಗೇಣುದ್ದದ ಒಂದು ಟ್ಯೂಬ್ ಬದಲಾಯಿಸಿದ ಮೇಲೆ ಇವತ್ತಿನವರೆಗೂ ಆ ತೊಂದರೆ ಬಂದಿಲ್ಲ.

ಅವತ್ತಿನಿಂದ ಅಕ್ಕಪಕ್ಕದವರ ಮಷೀನುಗಳನ್ನೂ ನೋಡುತ್ತಾ ಬಂದಿದ್ದೇನೆ. ಸ್ಟಾರ್ಟೇ ಆಗದ ಮಷೀನ್‌ಗಿಂತ ಸ್ಟಾರ್ಟ್ ಆಗಿ ನಿಲ್ಲುವ ಮಷೀನ್ ಎಷ್ಟೋ ವಾಸಿ. ಅದರಲ್ಲಿ ಪ್ಲಗ್‌ಗೆ ಕರೆಂಟ್ ಬರುತ್ತಿದೆ, ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಕಟ್ಟುವ ಒತ್ತಡ) ಇದೆ, ಪೆಟ್ರೋಲ್ ಸ್ವಲ್ಪವಾದರೂ ಸಿಗುತ್ತಿದೆ. ಏನೋ ಒಂದು ಮಧ್ಯದಲ್ಲಿ ಕೈ ಕೊಡುತ್ತಿದೆ. ಅದು ಯಾವಾಗ, ಹೇಗೆ ನಿಲ್ಲುತ್ತದೆ ಅಂತ ಗಮನ ಕೊಟ್ಟು ನೋಡಿದರೆ ಅರ್ಧ ರಿಪೇರಿ ಅಲ್ಲೇ ಮುಗಿದ ಹಾಗೆ. ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರ್ ಸ್ಕ್ರೂ ತಿರುಗಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ದಯವಿಟ್ಟು ಅದನ್ನು ಮೊದಲು ಮಾಡಬೇಡಿ.

ಕೆಲಸ ಶುರು ಮಾಡುವ ಮೊದಲು ಎರಡು ಮಾತು. ಬಯಲಿನಲ್ಲಿ ಕೂತು ಮಾಡಿ, ಬೇಸ್‌ಮೆಂಟ್ ಅಥವಾ ಮುಚ್ಚಿದ ಶೆಡ್‌ನಲ್ಲಿ ಬೇಡ. ಹತ್ತಿರ ಬೀಡಿ, ಸಿಗರೇಟ್, ದೀಪ ಏನೂ ಇರಬಾರದು. ಇಂಜಿನ್ ಬಿಸಿ ಇದ್ದಾಗ ಟ್ಯಾಂಕಿಗೆ ಪೆಟ್ರೋಲ್ ತುಂಬಬೇಡಿ. ಕತ್ತರಿಸುವ ತಲೆಗೆ ಕೈ ಹಾಕುವಾಗ ಪ್ಲಗ್ಗಿನ ಕ್ಯಾಪ್ ಎಳೆದು ಪಕ್ಕಕ್ಕಿಡಿ.

ಇನ್ನೊಂದು, ನಿಮ್ಮದು ನಿಜವಾಗಿಯೂ ಟೂ ಸ್ಟ್ರೋಕಾ ನೋಡಿಕೊಳ್ಳಿ. ಹೋಂಡಾ ಜಿಎಕ್ಸ್35 ಥರದ ಫೋರ್ ಸ್ಟ್ರೋಕ್ ಇಂಜಿನ್ ಹಾಕಿದ ಮಷೀನುಗಳೂ ನೋಡುವುದಕ್ಕೆ ಹೀಗೇ ಇರುತ್ತವೆ. ಇಂಜಿನ್ನಿಗೆ ಆಯಿಲ್ ಹಾಕಲು ಬೇರೆ ಮುಚ್ಚಳ ಇದ್ದರೆ ಅದು ಫೋರ್ ಸ್ಟ್ರೋಕ್. ಅದಕ್ಕೆ ಬರೀ ಪೆಟ್ರೋಲ್ ಹಾಕಬೇಕು. ಟೂ ಸ್ಟ್ರೋಕ್‌ಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು.

ಹೇಗೆ ನಿಲ್ಲುತ್ತದೆ?

ಚೋಕ್ ಹಾಕಿದ್ದಾಗ ಓಡುತ್ತದೆ, ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ. ಇದು ತುಂಬಾ ಮಾಮೂಲಿ. ಚೋಕ್ ಅಂದರೆ ಗಾಳಿ ಕಮ್ಮಿ ಮಾಡುವ ತಟ್ಟೆ. ಗಾಳಿ ಕಮ್ಮಿ ಇದ್ದಾಗ ಮಾತ್ರ ಓಡುತ್ತದೆ ಅಂದರೆ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆ. ಫಿಲ್ಟರ್, ಟ್ಯೂಬ್, ಕಾರ್ಬೊರೇಟರಿನ ಪ್ಯಾಕಿಂಗ್, ಈ ಕಡೆ ಹುಡುಕಿ.

ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ನಿಧಾನಕ್ಕೆ ಸೊರಗಿ ನಿಂತರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿರಬಹುದು. ಸೊರಗದೆ, ಸ್ವಿಚ್ ಆಫ್ ಮಾಡಿದ ಹಾಗೆ ಪಟ್ ಅಂತ ನಿಂತರೆ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ಈ ಎರಡರ ವ್ಯತ್ಯಾಸ ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪೆಟ್ರೋಲ್ ಕಮ್ಮಿಯಾದ ಇಂಜಿನ್ ನಿಲ್ಲುವ ಮುಂಚೆ ಒಂದು ಕ್ಷಣ ಕಿರುಚಿದ ಹಾಗೆ ಸ್ಪೀಡ್ ಏರಿಸಿ ಆಮೇಲೆ ಸಾಯುತ್ತದೆ. ಕರೆಂಟ್ ಹೋದ ಇಂಜಿನ್‌ಗೆ ಆ ಕೊನೆಯ ಕಿರುಚಾಟ ಇರುವುದಿಲ್ಲ.

ಸ್ಲೋ ಸ್ಪೀಡಿನಲ್ಲಿ ಸರಿ ಇದ್ದು, ರೇಸ್ ಕೊಟ್ಟಾಗ ಮುಗ್ಗರಿಸಿದರೆ ಪೆಟ್ರೋಲ್ ದಾರಿ ಅರ್ಧ ಕಟ್ಟಿದೆ ಅಥವಾ ಸೈಲೆನ್ಸರ್ ಮಸಿಯಿಂದ ಮುಚ್ಚಿದೆ. ಮಷೀನನ್ನು ಓರೆ ಮಾಡಿದಾಗ ಮಾತ್ರ ನಿಂತರೆ ಟ್ಯಾಂಕಿನೊಳಗಿನ ಫಿಲ್ಟರ್ ಒಂದೇ ಕಡೆ ಸಿಕ್ಕಿಕೊಂಡಿದೆ. ಅದು ಪೆಟ್ರೋಲ್ ಯಾವ ಮೂಲೆಗೆ ಹರಿದರೂ ಅಲ್ಲಿಗೆ ಜಾರಿ ಹೋಗಬೇಕು, ಅದಕ್ಕೇ ಅದರಲ್ಲಿ ತೂಕ ಇಟ್ಟಿರುತ್ತಾರೆ.

ಈ ಗುರುತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹೋಗಬೇಕಾಗಿ ಬಂದರೂ ‘ಸ್ಟಾರ್ಟ್ ಆಗ್ತಿಲ್ಲ’ ಅನ್ನುವುದಕ್ಕೂ ‘ಹದಿನೈದು ನಿಮಿಷ ಓಡಿದ ಮೇಲೆ ಪಟ್ ಅಂತ ನಿಲ್ಲುತ್ತೆ, ತಣ್ಣಗಾದ ಮೇಲೆ ಮತ್ತೆ ಓಡುತ್ತೆ’ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಮೊದಲು ಪೆಟ್ರೋಲ್

ಹಳೇ ಪೆಟ್ರೋಲನ್ನು ನಂಬಬೇಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಅದರಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಬಿಟ್ಟರೆ, ನೀರು ಜಾಸ್ತಿಯಾದಾಗ ಎಥನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನಿಮ್ಮ ಫಿಲ್ಟರ್ ಇರುವುದೂ ತಳದಲ್ಲೇ. ಬೆರೆಸಿದ 2ಟಿ ಆಯಿಲ್ (ಟೂ ಸ್ಟ್ರೋಕ್ ಆಯಿಲ್) ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹಾಗಾಗಿ ಇಂಜಿನ್ ಕುಡಿಯುವುದು ಆಯಿಲ್ ಇಲ್ಲದ ನೀರು ನೀರಾದ ದ್ರವ. ಓಡದೆ ನಿಂತರೆ ಪರವಾಗಿಲ್ಲ, ಹಾಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕ್ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರ, ಗುಳುಗುಳು ಹನಿಗಳು ಅಥವಾ ಮಡ್ಡಿ ಕಂಡರೆ ಅಷ್ಟನ್ನೂ ಬಿಟ್ಟುಬಿಡಿ. ಪದರ ಇಲ್ಲದಿದ್ದರೂ ಹುಳಿ ವಾರ್ನಿಷ್ ಥರ ವಾಸನೆ ಬಂದರೆ ಅದು ಕೆಟ್ಟಿದೆ. ಬೆರೆಸಿ ತಿಂಗಳಾದ ಪೆಟ್ರೋಲನ್ನು ನಾನು ಈ ಮಷೀನ್‌ಗೆ ಹಾಕುವುದೇ ಇಲ್ಲ. ಕೆಟ್ಟಿದ್ದನ್ನು ಚರಂಡಿಗೆ ಮಾತ್ರ ಸುರಿಯಬೇಡಿ. ಅದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಗ್ರೀಸ್ ಹಿಡಿದ ಭಾಗ ತೊಳೆಯುವುದಕ್ಕೆ ಹತ್ತಿರದ ಗ್ಯಾರೇಜಿನವರು ಇಟ್ಟುಕೊಳ್ಳುತ್ತಾರಾ ಕೇಳಿ.

ಹೊಸ ಮಿಶ್ರಣ ಮಾಡುವಾಗ ಅಳತೆ ಸರಿ ಇರಲಿ. ಮಷೀನ್ ಪುಸ್ತಕದಲ್ಲಿ ಅಥವಾ ಟ್ಯಾಂಕ್ ಮೇಲೆ ಅಳತೆ ಬರೆದಿರುತ್ತದೆ. 25:1 ಅಂದರೆ ಒಂದು ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. ಆಯಿಲ್, 40:1 ಅಂದರೆ 25 ಮಿ.ಲೀ., 50:1 ಅಂದರೆ 20 ಮಿ.ಲೀ. ಮುಚ್ಚಳದಲ್ಲಿ ಅಂದಾಜಿಗೆ ಹಾಕಬೇಡಿ. ಮೆಡಿಕಲ್ ಶಾಪಿನಲ್ಲಿ 20 ಮಿ.ಲೀ. ಸಿರಿಂಜ್ ಸಿಗುತ್ತದೆ, ಸೂಜಿ ಇಲ್ಲದೆ ತನ್ನಿ, ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಆಯಿಲ್ ಡಬ್ಬದ ಮೇಲೆ 2ಟಿ ಅಂತಲೇ ಇರಬೇಕು. ಬೈಕಿಗೆ ಹಾಕುವ 4ಟಿ ಆಯಿಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆರ್‌ಎಕ್ಸ್100 ಇಟ್ಟುಕೊಂಡವರು, ಮೈಸೂರಿನ ಹಳೇ ಯೆಜ್ಡಿ ಓಡಿಸಿದವರು, ಹೀಗೆ ಟೂ ಸ್ಟ್ರೋಕ್ ಬೈಕಿನವರು ಯಾರಾದರೂ ಪರಿಚಯ ಇದ್ದರೆ ಕೇಳಿ, ಈ ಆಯಿಲ್ ವಿಷಯ ಅವರಿಗೆ ಕರತಲಾಮಲಕ. ಬಂಕ್‌ಗೆ ನೀರಿನ ಬಾಟಲಿ ಒಯ್ಯಬೇಡಿ. ಪೆಟ್ರೋಲ್‌ಗೆಂದೇ ಮಾಡಿದ ಕ್ಯಾನ್ ಇಟ್ಟುಕೊಳ್ಳಿ.

ಹೊಸ ಪೆಟ್ರೋಲ್ ಹಾಕಿ ಒಮ್ಮೆ ಓಡಿಸಿ ನೋಡಿ. ನನ್ನ ಹತ್ತಿರ ಬರುವ ಮಷೀನುಗಳಲ್ಲಿ ಎಷ್ಟೋ ಇಲ್ಲೇ ಸರಿಹೋಗುತ್ತವೆ.

ಮುಚ್ಚಳದ ಉಸಿರು

ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಅಲ್ವಾ? ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿನ ಮೇಲಿನ ಸಣ್ಣ ಟ್ಯೂಬಿನಲ್ಲೋ ಒಂದು ಪುಟ್ಟ ರಬ್ಬರ್ ವಾಲ್ವ್ ಇರುತ್ತದೆ. ಹುಲ್ಲಿನ ಪುಡಿ, ಮಣ್ಣು, ಆಯಿಲ್ ಸೇರಿ ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಆಗುತ್ತದೆ, ಪೆಟ್ರೋಲ್ ಬರುವುದು ನಿಲ್ಲುತ್ತದೆ.

ಮಷೀನ್ ಸೊರಗಿ ನಿಂತ ತಕ್ಷಣ, ಅದನ್ನು ಸಮನಾಗಿ ನೆಲದ ಮೇಲಿಟ್ಟು ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ. ಕಿವಿ ಹತ್ತಿರ ಇರಲಿ, ಮುಖ ಬೇಡ. ‘ಸುಸ್ಸ್’ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಮುಚ್ಚಳ ಮತ್ತೆ ಹಾಕಿ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಮುಚ್ಚಳವನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಸರಿಹೋಗದಿದ್ದರೆ ಹೊಸ ಮುಚ್ಚಳ ಹಾಕಿ. ಸೂಜಿಯಿಂದ ಚುಚ್ಚಿ ತೂತು ದೊಡ್ಡದು ಮಾಡುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಓರೆ ಹಿಡಿದಾಗ ಪೆಟ್ರೋಲ್ ಬಿಸಿ ಸೈಲೆನ್ಸರ್ ಮೇಲೆ ಸುರಿಯುತ್ತದೆ. ಖಂಡಿತ ಬೇಡ.

ಟ್ಯೂಬ್ ಮತ್ತು ಫಿಲ್ಟರ್

ನನ್ನ ಪ್ರಕಾರ ಅತಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಟ್ಯಾಂಕಿನಿಂದ ಸಾಮಾನ್ಯವಾಗಿ ಎರಡು ಟ್ಯೂಬ್ ಬರುತ್ತವೆ. ಒಂದು ಪೆಟ್ರೋಲ್ ಎಳೆಯುವ ಟ್ಯೂಬ್, ಅದರ ತುದಿಯಲ್ಲಿ ಟ್ಯಾಂಕಿನೊಳಗೆ ಫಿಲ್ಟರ್ ಇರುತ್ತದೆ. ಇನ್ನೊಂದು ಪ್ರೈಮರ್ ಗುಳ್ಳೆಯಿಂದ (ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಎಳೆಯಲು ಬೆರಳಿನಿಂದ ಒತ್ತುವ ಮೆತ್ತನೆ ಗುಳ್ಳೆ) ಹೆಚ್ಚಾದ ಪೆಟ್ರೋಲ್ ವಾಪಸ್ ಬರುವ ಟ್ಯೂಬ್.

ಪ್ರೈಮರ್ ಗುಳ್ಳೆಯನ್ನು ಒತ್ತಿ ನೋಡಿ. ಏಳೆಂಟು ಸಲ ಒತ್ತುವಷ್ಟರಲ್ಲಿ ಅದು ಪೆಟ್ರೋಲಿನಿಂದ ತುಂಬಿ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಗಾಳಿಗುಳ್ಳೆ ಬರುತ್ತಲೇ ಇದ್ದರೆ ಎಳೆಯುವ ದಾರಿಯಲ್ಲಿ ಎಲ್ಲೋ ಬಿರುಕಿದೆ. ಒತ್ತಿದ ಮೇಲೆ ಗುಳ್ಳೆ ಚಪ್ಪಟೆಯಾಗೇ ಉಳಿದು, ಮೇಲೆ ಬರಲು ತಡ ಮಾಡಿದರೆ ಫಿಲ್ಟರ್ ಕಟ್ಟಿದೆ. ಗುಳ್ಳೆಯೇ ಹಳದಿಯಾಗಿ ಸೀಳಿದ್ದರೆ ಅದನ್ನೇ ಬದಲಾಯಿಸಿ. ಯಾರಾದರೂ ಮೊದಲೇ ಬಿಚ್ಚಿ ಎರಡು ಟ್ಯೂಬ್ ಅದಲು ಬದಲು ಹಾಕಿದ್ದರೂ ಗುಳ್ಳೆ ತುಂಬುವುದಿಲ್ಲ. ಒತ್ತಿದಾಗ ಫಿಲ್ಟರ್ ಇರುವ ಟ್ಯೂಬಿನಿಂದ ಟ್ಯಾಂಕಿನೊಳಗೆ ಗುಳ್ಳೆ ಎದ್ದರೆ ಅದಲು ಬದಲಾಗಿದೆ ಅಂತ ಅರ್ಥ.

ಫಿಲ್ಟರ್ ಹೊರಗೆ ತೆಗೆಯಲು ಒಂದು ಗಟ್ಟಿ ತಂತಿಯ ತುದಿ ಕೊಕ್ಕೆಯಂತೆ ಬಗ್ಗಿಸಿ, ಟ್ಯಾಂಕ್ ಬಾಯಿಂದ ಒಳಗೆ ಬಿಟ್ಟು ಟ್ಯೂಬನ್ನು ಮೆಲ್ಲಗೆ ಎಳೆಯಿರಿ. ಹೊಸ ಫಿಲ್ಟರ್ ತಿಳಿ ಬಣ್ಣದ್ದಿರುತ್ತದೆ. ನಿಮ್ಮದು ಕಪ್ಪಾಗಿ, ಅಂಟು ಅಂಟಾಗಿ ಇದ್ದರೆ ತೊಳೆಯಲು ಹೋಗಬೇಡಿ, ಹೊಸದು ಹಾಕಿ. ಫಿಲ್ಟರ್ ತೆಗೆದು ಹಾಗೇ ಓಡಿಸುವುದು ಬೇಡವೇ ಬೇಡ. ಟ್ಯಾಂಕಿನ ಕಸ ನೇರವಾಗಿ ಕಾರ್ಬೊರೇಟರಿಗೆ ಹೋಗುತ್ತದೆ.

ಆಮೇಲೆ ಟ್ಯೂಬ್. ಹೊರಗೆ ಕಾಣುವ ಭಾಗ ಚೆನ್ನಾಗಿದ್ದರೆ ಸಾಲದು. ಟ್ಯಾಂಕಿನ ರಬ್ಬರ್ ಬುಷ್ ಒಳಗೆ ಹೋಗುವ ಜಾಗ, ಕಾರ್ಬೊರೇಟರಿನ ಮೂತಿಗೆ ಸಿಕ್ಕಿಸಿದ ತುದಿ, ಫಿಲ್ಟರ್ ಸಿಕ್ಕಿಸಿದ ತುದಿ, ಈ ಮೂರೂ ಕಡೆ ಬೆರಳಿನಿಂದ ಬಗ್ಗಿಸಿ, ಸ್ವಲ್ಪ ಎಳೆದು ನೋಡಿ. ಸುಮ್ನೆ ಇದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ, ಬಗ್ಗಿಸಿದಾಗ ಮಾತ್ರ ಕಾಣುತ್ತದೆ. ನಮ್ಮ ಮಷೀನಿನಲ್ಲಿ ಆಗಿದ್ದೂ ಇದೇ. ಇಂಜಿನ್ ಅದುರಿದಾಗ ಬಿರುಕು ಬಾಯಿ ಬಿಡುತ್ತಿತ್ತು, ಪೆಟ್ರೋಲ್ ಬದಲು ಗಾಳಿ ಹೋಗುತ್ತಿತ್ತು. ನಿಲ್ಲಿಸಿದ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಅಂಗಡಿಯ ಟೇಬಲ್ ಮೇಲೆ ನಿಲ್ಲಿಸಿ ನೋಡಿದವರಿಗೆ ಅದು ಕಂಡಿರಲಿಲ್ಲ. ಎಥನಾಲ್ ಇರುವ ಪೆಟ್ರೋಲಿನಲ್ಲಿ ಹಳೇ ಥರದ ರಬ್ಬರ್ ಬೇಗ ಗಟ್ಟಿಯಾಗುತ್ತದೆ ಅಥವಾ ಉಬ್ಬಿ ಮೆತ್ತಗಾಗುತ್ತದೆ. ಉಗುರಿನಿಂದ ಒತ್ತಿದಾಗ ಪ್ಲಾಸ್ಟಿಕ್ ಕಡ್ಡಿಯಂತೆ ಗಟ್ಟಿ ಅನ್ನಿಸಿದರೆ ಬಿರುಕು ಕಾಣದಿದ್ದರೂ ಬದಲಾಯಿಸಿ.

ಹೊಸ ಟ್ಯೂಬ್ ತರಲು ಹಳೇ ತುಂಡನ್ನು ಜೊತೆಗೆ ಒಯ್ಯಿರಿ. ಸಿಟಿ ಮಾರ್ಕೆಟ್ ಹತ್ತಿರದ ಎಸ್‌ಜೆಪಿ ರೋಡ್‌ನ ಮಷೀನರಿ ಅಂಗಡಿಗಳಲ್ಲಿ ‘ಬ್ರಷ್ ಕಟ್ಟರ್ ಪೆಟ್ರೋಲ್ ಟ್ಯೂಬ್’ ಅಂತ ಕೇಳಿ. ಭಾನುವಾರ ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಮೀನಿನ ತೊಟ್ಟಿಯ ಟ್ಯೂಬ್, ಹನಿ ನೀರಾವರಿ ಟ್ಯೂಬ್ ಅಳತೆಗೆ ಸರಿಹೊಂದಿದರೂ ಪೆಟ್ರೋಲಿಗೆ ತಡೆಯುವುದಿಲ್ಲ. ಹಾಕುವಾಗ ತುದಿಯನ್ನು ಓರೆಯಾಗಿ ಚೂಪಗೆ ಕತ್ತರಿಸಿಕೊಳ್ಳಿ, ಒಂದು ಹನಿ 2ಟಿ ಆಯಿಲ್ ಸವರಿ ತೂತಿನಲ್ಲಿ ತೂರಿಸಿ, ಒಳಗಿನಿಂದ ಕೊಕ್ಕೆಯಲ್ಲಿ ಎಳೆದುಕೊಳ್ಳಿ. ಆಮೇಲೆ ಓರೆ ತುದಿ ಕತ್ತರಿಸಿ ಫಿಲ್ಟರ್ ಸಿಕ್ಕಿಸಿ. ಫಿಲ್ಟರ್ ಟ್ಯಾಂಕಿನ ತಳ ಮುಟ್ಟಬೇಕು, ನಾಲ್ಕೂ ಮೂಲೆಗೆ ಓಡಾಡಬೇಕು. ಉದ್ದ ಜಾಸ್ತಿಯಾದರೆ ಮಡಚಿಕೊಳ್ಳುತ್ತದೆ, ಕಮ್ಮಿಯಾದರೆ ಪೆಟ್ರೋಲ್ ಅರ್ಧವಾದಾಗ ಗಾಳಿ ಎಳೆಯುತ್ತದೆ.

ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ

ಏರ್ ಫಿಲ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಪಂಜು ಇದ್ದರೆ ಸೋಪು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ, ಎರಡು ಹನಿ ಆಯಿಲ್ ಹಾಕಿ ಹಿಚುಕಿ ಸಿಕ್ಕಿಸಿ. ಕಾಗದದ್ದಾದರೆ ತಟ್ಟಿ ಧೂಳು ಉದುರಿಸಿ, ಇಲ್ಲವೇ ಬದಲಾಯಿಸಿ.

ಸೈಲೆನ್ಸರ್ ಕಡೆ ಮಾತ್ರ ಯಾರೂ ನೋಡುವುದಿಲ್ಲ. ಆಯಿಲ್ ಜಾಸ್ತಿ ಬೆರೆಸಿ ಓಡಿಸಿದ ಮಷೀನುಗಳಲ್ಲಿ ಹೊಗೆ ಹೊರಗೆ ಬರುವ ಬಾಯಿಯಲ್ಲಿ ಮಸಿ ಪದರ ಪದರವಾಗಿ ಕಟ್ಟುತ್ತದೆ. ಕೆಲವು ಮಷೀನುಗಳಲ್ಲಿ ಕಿಡಿ ಹಾರದಂತೆ ಒಂದು ಸಣ್ಣ ಜಾಲರಿ ಇರುತ್ತದೆ, ಅದು ಪೂರ್ತಿ ಮುಚ್ಚಿ ಹೋಗಿರುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಎಲ್ಲಿಂದ ಬರಬೇಕು? ಇಂಜಿನ್ ಸ್ಲೋ ಸ್ಪೀಡಿನಲ್ಲಿ ಇರುತ್ತದೆ, ರೇಸ್ ಏರುವುದಿಲ್ಲ.

ಇಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ಬಿಚ್ಚಿ. ಜಾಲರಿ ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ಆದರೆ ತೆಗೆದು ಬಿಸಾಡಬೇಡಿ. ಒಣ ಹುಲ್ಲಿನಲ್ಲಿ ಅದೇ ನಿಮ್ಮ ರಕ್ಷಣೆ. ಸಿಲಿಂಡರಿನ ಬಾಯಿಯ ಮಸಿ ಕೆರೆಯುವ ಮೊದಲು ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ ಆ ಬಾಯಿಯನ್ನು ಮುಚ್ಚುವಂತೆ ಮಾಡಿ. ಕಬ್ಬಿಣದ ಚೂಪು ಬೇಡ, ಐಸ್‌ಕ್ರೀಮ್ ಕಡ್ಡಿಯಂಥ ಮರದ ಚೂರು ಸಾಕು.

ಸೈಲೆನ್ಸರ್ ಹೇಗೂ ಬಿಚ್ಚಿದ್ದೀರಿ. ಮೊಬೈಲ್ ಟಾರ್ಚ್ ಹಾಕಿ ಒಳಗೆ ಪಿಸ್ಟನ್ನಿನ ಮೈ ನೋಡಿ. ನುಣುಪಾಗಿ ಹೊಳೆಯುತ್ತಿದ್ದರೆ ಸಮಾಧಾನ. ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು ಎದ್ದಿದ್ದರೆ ಅದು ಒಮ್ಮೆ ಆಯಿಲ್ ಇಲ್ಲದೆ ಓಡಿದೆ. ಇಂಥ ಇಂಜಿನ್ ಬಿಸಿಯಾದಾಗ ಕಂಪ್ರೆಷನ್ ಬಿಟ್ಟು ನಿಲ್ಲುತ್ತದೆ. ಇದಕ್ಕೆ ಪಿಸ್ಟನ್, ಸಿಲಿಂಡರ್ ಕೆಲಸವೇ ಆಗಬೇಕು. ಕಂಪ್ರೆಷನ್ ಬಗ್ಗೆ ಒಂದು ಅಂದಾಜು ಬೇಕಾದರೆ, ಸೈಲೆನ್ಸರ್ ಮತ್ತೆ ಕೂರಿಸಿ, ಪ್ಲಗ್ ಬಿಗಿಯಾಗಿರುವಾಗ ಸ್ವಿಚ್ ಆಫ್ ಮಾಡಿ ಸ್ಟಾರ್ಟರ್ ಹಗ್ಗವನ್ನು ಕೈಯಲ್ಲೇ ನಿಧಾನಕ್ಕೆ ಎಳೆಯಿರಿ. ಪ್ರತಿ ಸುತ್ತಿಗೂ ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ಬಾವಿಯಿಂದ ಖಾಲಿ ಕೊಡ ಸೇದಿದಷ್ಟು ಹಗುರವಾಗಿ ಬಂದರೆ ಒಳಗೆ ಸವೆದಿದೆ.

ಪ್ಲಗ್ ಮತ್ತು ಕರೆಂಟ್

ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡದೆ, ತಣ್ಣಗಾದಾಗ ಪ್ಲಗ್ ಬಿಚ್ಚಿ ಅದರ ಮೂತಿ ನೋಡಿ. ಟೀ ಬಿಸ್ಕತ್ತಿನ ಕಂದು ಬಣ್ಣ ಇದ್ದರೆ ಮಿಶ್ರಣ ಸರಿ ಇದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ ಹೋಗುತ್ತಿದೆ, ಏರ್ ಫಿಲ್ಟರ್, ಚೋಕ್, ಆಯಿಲ್ ಅಳತೆ ನೋಡಿ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಕಾದಿದೆ. ಬೆಳ್ಳಗಿರುವ ಪ್ಲಗ್ ಕಂಡರೆ ಅಲ್ಲಿಗೇ ಓಡಿಸುವುದು ನಿಲ್ಲಿಸಿ, ಕಾರಣ ಸಿಗುವವರೆಗೂ ಮುಂದೆ ಹೋಗಬೇಡಿ. ಮೂತಿಯಲ್ಲಿ ಕಿಡಿ ಹಾರುವ ಎರಡು ತುದಿಗಳ ಅಂತರ ಸಾಮಾನ್ಯವಾಗಿ 0.6–0.7 ಮಿ.ಮೀ., ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ.

ಬಿಸಿಯಾದಾಗ ಪಟ್ ಅಂತ ನಿಲ್ಲುವ ಮಷೀನಿನ ಪರೀಕ್ಷೆಯನ್ನು ಬಿಸಿ ಇರುವಾಗಲೇ ಮಾಡಬೇಕು. ತಣ್ಣಗಾದರೆ ಕಾಯಿಲ್ ಮತ್ತೆ ಕೆಲಸ ಮಾಡುತ್ತದೆ, ತೊಂದರೆ ಮಾಯ. ಜೇಬಿನಲ್ಲಿ ಇನ್ನೊಂದು ಒಳ್ಳೆಯ ಪ್ಲಗ್ ಇಟ್ಟುಕೊಳ್ಳಿ. ಮಷೀನ್ ನಿಂತ ತಕ್ಷಣ, ಇಂಜಿನ್ನಿನ ಪ್ಲಗ್ ಬಿಚ್ಚದೆ ಕ್ಯಾಪ್ ಮಾತ್ರ ತೆಗೆದು ಈ ಎರಡನೇ ಪ್ಲಗ್‌ಗೆ ಸಿಕ್ಕಿಸಿ. ಅದರ ಕಬ್ಬಿಣದ ಮೈಯನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಹಗ್ಗ ಎಳೆಸಿ. ಟ್ಯಾಂಕ್ ಮುಚ್ಚಳ ಭದ್ರವಾಗಿರಲಿ, ಸುತ್ತ ಚೆಲ್ಲಿದ ಪೆಟ್ರೋಲ್ ಇರಬಾರದು. ನೀಲಿ ಕಿಡಿ ಚಟಚಟ ಅಂದರೆ ಕರೆಂಟ್ ಸರಿ ಇದೆ. ಬಿಸಿಯಲ್ಲಿ ಕಿಡಿ ಇಲ್ಲ, ಅರ್ಧ ಗಂಟೆ ಬಿಟ್ಟು ಕಿಡಿ ಇದೆ ಅಂದರೆ ಕಾಯಿಲ್ ಹೋಗಿದೆ.

ಕಾಯಿಲ್ ಕೊಳ್ಳುವ ಮೊದಲು ಸ್ವಿಚ್ಚಿನ ವೈರ್ ನೋಡಿ. ಹಿಡಿಕೆಯಿಂದ ಇಂಜಿನ್ನಿಗೆ ಹೋಗುವ ಆ ತೆಳು ವೈರ್ ಅದುರಿ ಅದುರಿ ಎಲ್ಲೋ ಸಿಪ್ಪೆ ಕಳೆದುಕೊಂಡು ಪೈಪಿಗೆ ತಾಗಿದರೂ ಇಂಜಿನ್ ಪಟ್ ಅಂತ ಆಫ್ ಆಗುತ್ತದೆ. ಟೇಪ್ ಸುತ್ತಿದರೆ ಮುಗಿಯಿತು. ಹೊಸ ಕಾಯಿಲ್ ಹಾಕಲೇಬೇಕಾದರೆ ಅದಕ್ಕೂ ಒಳಗಿನ ಫ್ಲೈವೀಲಿನ ಅಯಸ್ಕಾಂತಕ್ಕೂ ನಡುವೆ ಸುಮಾರು 0.3 ಮಿ.ಮೀ. ಜಾಗ ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಮಧ್ಯೆ ಇಟ್ಟು ಬೋಲ್ಟ್ ಬಿಗಿ ಮಾಡಿ ಕಾರ್ಡ್ ಎಳೆದುಬಿಡಿ.

ಈಗ ಕಾರ್ಬೊರೇಟರ್

ಇಲ್ಲಿಯವರೆಗೂ ಏನೂ ಸಿಗದಿದ್ದರೆ ಮಾತ್ರ. ಮೊದಲು ಅದನ್ನು ಹಿಡಿದಿರುವ ಎರಡು ಬೋಲ್ಟ್ ಮುಟ್ಟಿ ನೋಡಿ. ಈ ಮಷೀನುಗಳ ಅದುರುವಿಕೆಗೆ ಅವು ಸಡಿಲವಾಗುತ್ತವೆ, ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಇಂಜಿನ್ ಸ್ಲೋ ಸ್ಪೀಡಿನಲ್ಲಿ ಓಡುತ್ತಿರುವಾಗ ಕಾರ್ಬೊರೇಟರ್ ಮತ್ತು ಇಂಜಿನ್ ಸೇರುವ ಸಂದಿಗೆ ಸಿರಿಂಜಿನಿಂದ ಎರಡು ಹನಿ ನೀರು ಬಿಡಿ. ಸದ್ದು ಬದಲಾದರೆ ಅಲ್ಲಿ ಪ್ಯಾಕಿಂಗ್ ಹೋಗಿದೆ.

ಸಾಮಾನ್ಯವಾಗಿ ಈ ಕಾರ್ಬೊರೇಟರಿನಲ್ಲಿ ಬೈಕಿನಂತೆ ಫ್ಲೋಟ್ ಇರುವುದಿಲ್ಲ. ಮಷೀನನ್ನು ಹೇಗೆ ತಿರುಗಿಸಿದರೂ ಓಡಬೇಕಲ್ವಾ, ಅದಕ್ಕೆ ಎರಡು ತೆಳು ಪೊರೆಗಳೇ ಪೆಟ್ರೋಲ್ ಎಳೆದು ಅಳೆದು ಕೊಡುತ್ತವೆ. ಅವೇ ಡಯಾಫ್ರಂ. ಹಳೇ ಪೆಟ್ರೋಲಿನಲ್ಲಿ ನೆನೆದ ಪೊರೆ ಗಟ್ಟಿಯಾಗಿ ಸುಕ್ಕಾಗುತ್ತದೆ. ಕೈಯಲ್ಲಿ ಹಿಡಿದಾಗ ಬಾಳೆ ಎಲೆಯ ಸುಳಿಯಂತೆ ಮೆತ್ತಗಿರಬೇಕು. ಒಣಗಿದ ಹಪ್ಪಳದಂತೆ ಸದ್ದು ಮಾಡಿದರೆ ಡಯಾಫ್ರಂ ಕಿಟ್ (ಪೊರೆ, ಪ್ಯಾಕಿಂಗ್ ಸೇರಿದ ಸೆಟ್) ಬದಲಾಯಿಸಿ. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ಯಾಕಿಂಗ್ ಮೊದಲಾ ಪೊರೆ ಮೊದಲಾ ಅನ್ನುವುದು ಎರಡು ಬದಿಯಲ್ಲಿ ಒಂದೇ ಥರ ಇರುವುದಿಲ್ಲ, ತಪ್ಪಿದರೆ ಮಷೀನ್ ಓಡುವುದೇ ಇಲ್ಲ. ಪಂಪ್ ಬದಿಯ (ಪೆಟ್ರೋಲ್ ಎಳೆಯುವ ಪೊರೆ ಇರುವ ಬದಿ) ಮುಚ್ಚಳದ ಕೆಳಗೆ ಕಡಲೆಬೇಳೆಯಷ್ಟಗಲದ ಒಂದು ಜಾಲರಿ ಇರುತ್ತದೆ. ಇಷ್ಟು ಪುಟ್ಟದು ಕಟ್ಟಿದರೆ ಇಡೀ ಮಷೀನ್ ನಿಲ್ಲುತ್ತದೆ. ಸೂಜಿ ತುದಿಯಿಂದ ಮೆಲ್ಲಗೆ ಎತ್ತಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇಯಿಂದ ತೊಳೆದು ವಾಪಸ್ ಕೂರಿಸಿ. ಕಣ್ಣಿಗೆ ಕನ್ನಡಕ ಇರಲಿ. ಸಣ್ಣ ತೂತುಗಳಿಗೆ ತಂತಿ ತೂರಿಸಬೇಡಿ, ಅಳತೆ ಕೆಡುತ್ತದೆ.

ಸ್ಕ್ರೂಗಳ ವಿಷಯ. ಎಲ್, ಎಚ್ ಅಂತ ಗುರುತಿರುವ ಎರಡು ಸ್ಕ್ರೂ ಇದ್ದರೆ, ತಿರುಗಿಸುವ ಮೊದಲು ಅವು ಈಗ ಎಷ್ಟು ತೆರೆದಿವೆ ಅಂತ ಎಣಿಸಿ ಬರೆದುಕೊಳ್ಳಿ. ಹಗುರವಾಗಿ ಮುಚ್ಚಿ, ಎರಡನ್ನೂ ಸುಮಾರು ಒಂದು ಸುತ್ತು ತೆರೆದು ಅಲ್ಲಿಂದ ಶುರು ಮಾಡಿ. ಎಲ್ ಸ್ಕ್ರೂ ಸ್ಲೋ ಸ್ಪೀಡಿಗೆ, ಎಚ್ ಸ್ಕ್ರೂ ಜೋರು ಸ್ಪೀಡಿಗೆ. ಎಚ್ ಸ್ಕ್ರೂವನ್ನು ಜಾಸ್ತಿ ಮುಚ್ಚಿದರೆ ಇಂಜಿನ್ ಕಿವಿ ತೂತಾಗುವಷ್ಟು ಜೋರಾಗಿ ಓಡುತ್ತದೆ, ಶಕ್ತಿ ಬಂತು ಅನ್ನಿಸುತ್ತದೆ. ಆಗಲೇ ಪಿಸ್ಟನ್ ಸುಡುವುದು. ಪೂರ್ತಿ ರೇಸಿನಲ್ಲಿ ಸದ್ದು ಸ್ವಲ್ಪ ಒರಟಾಗಿ, ತುಸು ಹೊಗೆ ಇರುವ ಹಾಗೇ ಬಿಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. ಮಂಗಳೂರಿನಲ್ಲಿ ಸರಿಯಾಗಿ ಹೊಂದಿಸಿದ ಮಷೀನ್ ಇಲ್ಲಿ ತುಸು ಹೊಗೆ ಜಾಸ್ತಿ ಬಿಡಬಹುದು. ಇಲ್ಲಿ ಹೊಂದಿಸಿದ್ದನ್ನು ಕರಾವಳಿಗೆ ಒಯ್ದರೆ ಮಾತ್ರ ಎಚ್ ಸ್ವಲ್ಪ ತೆರೆಯಲೇಬೇಕು.

ಸ್ಲೋ ಸ್ಪೀಡ್ ಒಮ್ಮೆ ಏರುತ್ತಾ ಒಮ್ಮೆ ಇಳಿಯುತ್ತಾ ಇದ್ದು, ಯಾವ ಸ್ಕ್ರೂಗೂ ಬಗ್ಗದಿದ್ದರೆ ಒಳಗಿನ ಕ್ರ್ಯಾಂಕ್ ಸೀಲ್ ಹೋಗಿರಬಹುದು. ಅದನ್ನು ಗಾಳಿ ಒತ್ತಡ ಕೊಟ್ಟು ಪರೀಕ್ಷಿಸಬಲ್ಲ ಮೆಕ್ಯಾನಿಕ್‌ಗೆ ಕೊಡಿ.

ತಪ್ಪು ಇಂಜಿನ್ನಿನದ್ದೇ ಅಲ್ಲದಿದ್ದರೆ

ನೈಲಾನ್ ದಾರದ ತಲೆಯ ಮೇಲೆ ಒಂದು ಗಾರ್ಡ್ ಇರುತ್ತದೆ, ಅದರ ಅಂಚಿನಲ್ಲಿ ದಾರ ಕತ್ತರಿಸುವ ಸಣ್ಣ ಬ್ಲೇಡ್. ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ನಮ್ಮ ಕಡೆ ಬಹಳ ಜನ ಅದನ್ನು ಬಿಚ್ಚಿ ಎಸೆದಿರುತ್ತಾರೆ. ದಾರ ಉದ್ದವಾಗುತ್ತದೆ, ಇಂಜಿನ್ ಅದನ್ನು ತಿರುಗಿಸಲಾಗದೆ ತಿಣುಕುತ್ತದೆ, ಕಾಯುತ್ತದೆ, ನಿಲ್ಲುತ್ತದೆ. ಕಲ್ಲು ಹಾರಿ ಕಣ್ಣಿಗೆ ಬೀಳುವ ಭಯ ಬೇರೆ. ಗಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ತಲೆ ಮತ್ತು ಗೇರ್‌ಬಾಕ್ಸ್ ನಡುವೆ ಒದ್ದೆ ಹುಲ್ಲು ಹಗ್ಗದಂತೆ ಸುತ್ತಿಕೊಂಡಿದ್ದರೆ ಬಿಡಿಸಿ. ಪ್ಲಗ್ ಕ್ಯಾಪ್ ತೆಗೆದು ತಲೆಯನ್ನು ಕೈಯಲ್ಲಿ ತಿರುಗಿಸಿದಾಗ ಸರಾಗವಾಗಿ ತಿರುಗಬೇಕು.

ಎಲ್ಲ ಆದ ಮೇಲೆ ಸುಮ್ನೆ ನಿಲ್ಲಿಸಿಕೊಂಡು ರೇಸ್ ಮಾಡಿ ನೋಡಿದರೆ ಸಾಲದು. ನಿಜವಾದ ಹುಲ್ಲಿನಲ್ಲಿ ಇಪ್ಪತ್ತು ನಿಮಿಷ ಕೆಲಸ ಮಾಡಿ, ನಿಲ್ಲಿಸಿ, ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಂದು ಬಂದಿದ್ದರೆ ಗೆದ್ದಿರಿ.

ಮುಂದಿನ ಸಲ ಹೆಬ್ಬಾಳದ ಜಿಕೆವಿಕೆ ಕೃಷಿ ಮೇಳಕ್ಕೆ ಹೋದಾಗ ಹೊಸ ಮಷೀನ್ ಕೊಳ್ಳುವುದಿದ್ದರೆ, ಅಲ್ಲೇ ಎರಡು ಪೆಟ್ರೋಲ್ ಫಿಲ್ಟರ್, ಒಂದು ಪ್ಲಗ್, ಒಂದು ಡಯಾಫ್ರಂ ಕಿಟ್ ಕೇಳಿ ತನ್ನಿ. ಇವು ಸಿಗುವುದಿಲ್ಲ ಅನ್ನುವ ಮಷೀನ್ ಎಷ್ಟು ಅಗ್ಗವಾದರೂ ಬೇಡ.

ನಮ್ಮ ಲೇಔಟ್ ಮಷೀನಿನ ಹಿಡಿಕೆಗೆ ಈಗ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಚೀಟಿ ಕಟ್ಟಿದ್ದೇವೆ. ಒಂದು ಲೀಟರ್‌ಗೆ 40 ಮಿ.ಲೀ. ಆಯಿಲ್. ಪೆಟ್ರೋಲ್ ಬೆರೆಸಿದ ತಾರೀಖು. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೂ ಸ್ಲೋ ಸ್ಪೀಡಿನಲ್ಲಿ ಓಡಿಸಿ. ಕೊನೆಯಲ್ಲಿ ಬಳಸಿದ ಮನೆ ನಂಬರ್.